ತಗಾವಿಯಿಂದ ಸಮ್ಮಾನದವರೆಗೆ: ಸರ್ಕಾರದ ನೆರವು ಯಾರ ಹೆಸರಿಗೆ?

ಸರ್ಕಾರ ರೈತನಿಗೆ ಕೊಡುವ ಹಣಕ್ಕೆ ನಮ್ಮ ಹಳ್ಳಿಗಳಲ್ಲಿ ಕಾಲಕ್ಕೊಂದು ಹೆಸರು. ಅಜ್ಜನ ಕಾಲದಲ್ಲಿ ಅದು ‘ತಗಾವಿ’. ಅಪ್ಪನ ಕಾಲದಲ್ಲಿ ‘ಸಬ್ಸಿಡಿ’. ಬರ ಬಂದ ವರ್ಷ ‘ಪರಿಹಾರ’, ಚುನಾವಣೆ ಬಂದ ವರ್ಷ ‘ಮನ್ನಾ’. ಈಗ ಬ್ಯಾಂಕಿನ ಖಾತೆಗೆ ನೇರವಾಗಿ ಬಂದು ಬೀಳುವ ಹಣಕ್ಕೆ ‘ಸಮ್ಮಾನ್’ ಎಂದು ಹೆಸರು. ಸಾಲ, ಅನುದಾನ, ಗೌರವ ಹೀಗೆ ಹೆಸರಿನ ತೂಕ ಏರುತ್ತಲೇ ಬಂದಿದೆ. ಆದರೆ ಹಣ ಯಾರ ಕೈ ಸೇರಿತು ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಕಥೆ ಅಷ್ಟು ಸರಳವಲ್ಲ.

ಹಾಸನ ಜಿಲ್ಲೆ ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆ ಹೋಬಳಿಯನ್ನೇ ತೆಗೆದುಕೊಳ್ಳಿ. ಹೇಮಾವತಿಯ ಈ ಸೀಮೆಯಲ್ಲಿ ನಾಲೆಯ ನೀರು ಕಂಡ ಗದ್ದೆಗಳೂ ಇವೆ, ಮಳೆಯನ್ನೇ ನೆಚ್ಚಿದ ಹೊಲಗಳೂ ಇವೆ. ಹಾಸನ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳನ್ನೂ ಸೇರಿಸಿಕೊಂಡರೆ ರಾಗಿ, ಭತ್ತ, ಆಲೂಗಡ್ಡೆ, ಮುಸುಕಿನ ಜೋಳ, ತೆಂಗು, ಹೊಗೆಸೊಪ್ಪು, ಶುಂಠಿ ಎಲ್ಲವೂ ಸಿಗುತ್ತವೆ. ಸರ್ಕಾರದ ನೆರವು ಪಡೆಯದ ಬೆಳೆ ಇಲ್ಲಿ ಕಡಿಮೆ. ಆ ನೆರವಿನ ಚರಿತ್ರೆಯನ್ನು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ನೆರವು ಯಾವ ರೂಪದಲ್ಲಿ ಬರುತ್ತದೆ ಎಂಬುದೇ ಅದು ಯಾರಿಗೆ ತಲುಪುತ್ತದೆ ಎಂಬುದನ್ನು ತೀರ್ಮಾನಿಸುತ್ತದೆ.

ಕೆರೆ ಕಟ್ಟಿದವನಿಗೆ ಕೊಡಗೆ

ಹಳೆಯ ಅರಸರು ರೈತನ ಕೈಗೆ ಹಣ ಕೊಡುತ್ತಿರಲಿಲ್ಲ. ನೀರಿಗೆ ನೆಲ ಕೊಡುತ್ತಿದ್ದರು. ಬಿ.ಎಲ್. ರೈಸ್ 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು ಪ್ರಕಟಿಸಿದರು. ನಮ್ಮ ಶಾಸನಗಳನ್ನು ಓದುವವರಿಗೆ ‘ಬಿತ್ತುವಟ್ಟ’, ‘ಕೊಡಗೆ’ ಎಂಬ ಮಾತುಗಳು ಮತ್ತೆ ಮತ್ತೆ ಎದುರಾಗುತ್ತವೆ. ಕೆರೆ ಕಟ್ಟಿಸಿದವನಿಗೆ, ಏರಿ ತೂಬು ನೋಡಿಕೊಳ್ಳುವವನಿಗೆ, ಹೂಳು ಹೊರುವ ಬಂಡಿಯ ಖರ್ಚಿಗೆ ಎಂದು ಕೆರೆಯ ಕೆಳಗಿನ ನೆಲವನ್ನು ತೆರಿಗೆಯಿಲ್ಲದೆಯೋ ಕಡಿಮೆ ತೆರಿಗೆಗೋ ಬಿಟ್ಟುಕೊಡುವ ಪದ್ಧತಿ ಅದು. ಈಗಿನ ಭಾಷೆಯಲ್ಲಿ ಹೇಳುವುದಾದರೆ ಸರ್ಕಾರ ತನ್ನ ಆದಾಯದ ಒಂದು ಪಾಲನ್ನು ಬಿಟ್ಟುಕೊಟ್ಟು ನೀರಾವರಿ ಮಾಡಿಸುತ್ತಿತ್ತು.

ಇದರ ಲಾಭ ಊರಿಗೆಲ್ಲ ಒಂದೇ ಸಮ ಹಂಚಿಕೆಯಾಗುತ್ತಿತ್ತು ಎಂದುಕೊಳ್ಳುವುದು ತಪ್ಪು. ಕೊಡಗೆ ಸಿಗುತ್ತಿದ್ದುದು ಗೌಡನಿಗೆ, ಹೆಗ್ಗಡೆಗೆ, ಉಳ್ಳವನಿಗೆ. ಆದರೂ ಕೆರೆ ತುಂಬಿದರೆ ತೂಬಿನ ಕೆಳಗೆ ಯಾರೇ ಉಳುತ್ತಿರಲಿ, ಆ ಗದ್ದೆಗೆ ನೀರು ಹರಿಯುತ್ತಿತ್ತು. ನೀರು ಉಳುವವನ ಹೆಸರು ಕೇಳುತ್ತಿರಲಿಲ್ಲ. ಈ ಮಾತನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು.

ಬಲ ಕೊಡುವ ಸಾಲ

ತಗಾವಿ ಎಂಬ ಮಾತು ಅರಬ್ಬಿಯಿಂದ ಪಾರಸಿಯ ಮೂಲಕ ನಮ್ಮ ಕಂದಾಯ ದಫ್ತರಗಳಿಗೆ ಬಂದದ್ದು. ‘ಬಲಪಡಿಸುವುದು’ ಎಂಬುದು ಅದರ ಮೂಲ ಅರ್ಥ. ಎತ್ತು ಸತ್ತವನಿಗೆ ಎತ್ತು, ಬೀಜ ತೀರಿದವನಿಗೆ ಬೀಜ, ಬಾವಿ ತೋಡುವವನಿಗೆ ಮುಂಗಡ, ಸುಗ್ಗಿಯಲ್ಲಿ ವಾಪಸು. ದೆಹಲಿಯ ಮಹಮ್ಮದ್ ಬಿನ್ ತುಘಲಕ್ 14ನೇ ಶತಮಾನದಲ್ಲಿ ಕ್ಷಾಮದ ನಂತರ ಪಾಳು ಬಿದ್ದ ಭೂಮಿಯನ್ನು ಸಾಗುವಳಿಗೆ ತರಲು ಇಂಥ ದೊಡ್ಡ ಮುಂಗಡಗಳನ್ನು ಕೊಟ್ಟ. ಹಣ ಹಿಂದಕ್ಕೆ ಬರಲಿಲ್ಲ. ಅವನ ನಂತರ ಬಂದ ಫಿರೋಜ್ ಷಾ ಆ ಬಾಕಿಯನ್ನು ಬಿಟ್ಟುಕೊಟ್ಟು ದಾಖಲೆಗಳನ್ನು ನಾಶ ಮಾಡಿಸಿದ ಎಂದು ಚರಿತ್ರೆಕಾರ ಆಫೀಫ್ ಬರೆದಿದ್ದಾನೆ. ಅಂದರೆ ಸಾಲಮನ್ನಾ ನಮ್ಮ ಕಾಲದ ಆವಿಷ್ಕಾರವೇನಲ್ಲ.

ಮೈಸೂರಿನಲ್ಲಿ ಟಿಪ್ಪು ಸುಲ್ತಾನನ ಕಂದಾಯ ನಿಯಮಗಳಲ್ಲಿಯೂ ಬಡ ರೈತರಿಗೆ ನೇಗಿಲು ಹೂಡಲು ತಗಾವಿ ಕೊಡಬೇಕೆಂಬ ಸೂಚನೆ ಅಮಲ್ದಾರರಿಗೆ ಇತ್ತು. ಆದರೆ ತಗಾವಿಯ ಅಗತ್ಯವನ್ನು ರಾಜ್ಯಕ್ಕೆ ಕಟುವಾಗಿ ಕಲಿಸಿದ್ದು 1876–78ರ ಮಹಾಕ್ಷಾಮ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿಯಿತು. ಉಳಿದವರಲ್ಲಿ ಎಷ್ಟೋ ಮಂದಿಗೆ ಎತ್ತೂ ಇರಲಿಲ್ಲ, ಬೀಜವೂ ಇರಲಿಲ್ಲ. ಬ್ರಿಟಿಷ್ ಇಂಡಿಯಾದಲ್ಲಿ ಭೂಮಿ ಸುಧಾರಣೆ ಸಾಲಕ್ಕೆಂದು 1883ರಲ್ಲಿ, ಬೀಜ ಮತ್ತು ಜಾನುವಾರಿಗೆಂದು 1884ರಲ್ಲಿ ಕಾಯಿದೆಗಳು ಬಂದವು. ಮೈಸೂರು ಸಂಸ್ಥಾನವೂ ಅದೇ ದಾರಿ ಹಿಡಿಯಿತು.

ತಗಾವಿಗೆ ಎರಡು ಮುಖ. ಸಾಹುಕಾರನ ಬಡ್ಡಿಗಿಂತ ಸರ್ಕಾರದ ಬಡ್ಡಿ ಕಡಿಮೆ. ಆದರೆ ಸಾಹುಕಾರ ಕಾಯುತ್ತಾನೆ, ಸರ್ಕಾರ ಕಾಯುವುದಿಲ್ಲ. ತಗಾವಿ ಬಾಕಿಯನ್ನು ಕಂದಾಯದ ಬಾಕಿಯಂತೆಯೇ ವಸೂಲು ಮಾಡುವ ಅಧಿಕಾರ ಕಾಯಿದೆಯಲ್ಲೇ ಇತ್ತು. ಬಾಕಿ ಬಿದ್ದರೆ ಜಪ್ತಿ. ಜೊತೆಗೆ ಭೂಮಿ ಸುಧಾರಣೆಯ ಸಾಲಕ್ಕೆ ಆಧಾರವಾಗಿ ತೋರಿಸಲು ನೆಲ ಬೇಕು. ಆ ನೆಲ ಯಾರದೆಂದು ಹೇಳುವವನು ಶಾನುಭೋಗ. ನೀರು ಕೇಳದಿದ್ದ ಹೆಸರನ್ನು ತಗಾವಿ ಕೇಳತೊಡಗಿತು. ಗೇಣಿಗೆ ಉಳುವವನು, ಕೂಲಿ ಮಾಡುವವನು ಅಲ್ಲಿಗೇ ಹೊರಗುಳಿದ.

ಮಳೆಮಾಪಕವೇ ಸಾಕ್ಷಿ

ಈ ತೊಡಕಿಗೆ ಒಂದು ಹೊಸ ಉಪಾಯ ಹೊಳೆದದ್ದು ಮೈಸೂರಿನಲ್ಲೇ ಎಂಬುದು ಹೆಚ್ಚು ಜನರಿಗೆ ತಿಳಿಯದ ಸಂಗತಿ. ಸಂಸ್ಥಾನದ ಹಿರಿಯ ಅಧಿಕಾರಿಯಾಗಿದ್ದ ಜೆ.ಎಸ್. ಚಕ್ರವರ್ತಿಯವರು 1920ರಲ್ಲಿ ಕೃಷಿ ವಿಮೆಯ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದರು. ಪ್ರತಿಯೊಬ್ಬನ ಹೊಲಕ್ಕೂ ಹೋಗಿ ಎಷ್ಟು ಬೆಳೆ ಹಾಳಾಯಿತೆಂದು ಅಳೆಯುವುದು ಆಗದ ಕೆಲಸ; ಅಲ್ಲಿ ಜಗಳವೂ ಹೆಚ್ಚು, ಮೋಸವೂ ಹೆಚ್ಚು. ಅದರ ಬದಲು ಮಳೆಯನ್ನೇ ಅಳೆಯಿರಿ; ಗೊತ್ತುಪಡಿಸಿದ ಮಟ್ಟಕ್ಕಿಂತ ಮಳೆ ಕಡಿಮೆಯಾದರೆ ಆ ಪ್ರದೇಶದ ವಿಮೆದಾರರೆಲ್ಲರಿಗೂ ಹಣ ಕೊಡಿ ಎಂಬುದು ಅವರ ವಾದದ ತಿರುಳು. ಮಳೆಮಾಪಕಕ್ಕೆ ಯಾರ ಮುಲಾಜೂ ಇಲ್ಲ, ಲಂಚವೂ ಬೇಕಿಲ್ಲ.

ಆಗ ಅದು ಪುಸ್ತಕದಲ್ಲೇ ಉಳಿಯಿತು. ಸುಮಾರು 9 ದಶಕಗಳ ನಂತರ, 2007ರ ಮುಂಗಾರಿನಲ್ಲಿ ಹವಾಮಾನ ಆಧಾರಿತ ಬೆಳೆ ವಿಮೆಯನ್ನು ಪ್ರಾಯೋಗಿಕವಾಗಿ ಶುರು ಮಾಡಿದ್ದು ಕರ್ನಾಟಕದಲ್ಲೇ. 2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ರೈತ ಕಟ್ಟಬೇಕಾದ್ದು ಮುಂಗಾರು ಬೆಳೆಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಹಾಗೂ ತೋಟಗಾರಿಕೆ ಬೆಳೆಗೆ ಶೇ 5ರವರೆಗೆ. ಉಳಿದ ಕಂತು ಸರ್ಕಾರಗಳದು. ನಮ್ಮ ರಾಜ್ಯದಲ್ಲಿ ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿ, ಉಳಿದ ಬೆಳೆಗೆ ಹೋಬಳಿ ಇದರ ಘಟಕ. ಹಾಗಾಗಿ ಹಳೇಕೋಟೆ ಎಂಬ ಹೆಸರು ವಿಮೆಯ ಲೆಕ್ಕದಲ್ಲಿ ಬರಿಯ ಊರಲ್ಲ, ಲಾಭನಷ್ಟದ ಗಡಿ. ಗಡಿಯ ಆಚೆ ಹೊಲಕ್ಕೆ ಪರಿಹಾರ ಬಂದು ಈಚೆ ಹೊಲಕ್ಕೆ ಬಾರದಿದ್ದರೆ ರೈತ ಯಾರನ್ನು ಕೇಳಬೇಕು?

ಚೀಲ ಮತ್ತು ಕರೆಂಟು

ಸ್ವಾತಂತ್ರ್ಯದ ನಂತರ, ಅದರಲ್ಲೂ 1960ರ ದಶಕದ ಆಹಾರದ ಕೊರತೆಯ ನಂತರ ಸರ್ಕಾರದ ಧೋರಣೆ ಬದಲಾಯಿತು. ಸಾಲ ಕೊಟ್ಟು ವಸೂಲಿ ಮಾಡುವುದಕ್ಕಿಂತ ಬೇಸಾಯದ ಸಾಮಗ್ರಿಯನ್ನೇ ಅಗ್ಗ ಮಾಡುವುದು ಲೇಸೆನಿಸಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ವಿಜ್ಞಾನಿ ಭಾರತ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ಹಾಸನದ ಆಲೂಗಡ್ಡೆ ಹೊಲಕ್ಕೆ 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿ ಬಂತು. ಗೊರೂರಿನಲ್ಲಿ ಹೇಮಾವತಿಗೆ ಅಡ್ಡಲಾಗಿ 37 ಟಿಎಂಸಿ ಅಡಿ ನೀರು ಹಿಡಿಯುವ ಅಣೆಕಟ್ಟು 1979ರಲ್ಲಿ ಮುಗಿಯಿತು. ಹೊಸ ತಳಿಗೂ ನಾಲೆಯ ನೀರಿಗೂ ಗೊಬ್ಬರ ಬೇಕಾಯಿತು. 1977ರಲ್ಲಿ ಕೇಂದ್ರ ಸರ್ಕಾರ ರಸಗೊಬ್ಬರ ಕಾರ್ಖಾನೆಗಳ ತಯಾರಿಕೆ ವೆಚ್ಚಕ್ಕೂ ಮಾರಾಟ ಬೆಲೆಗೂ ಇರುವ ವ್ಯತ್ಯಾಸವನ್ನು ತಾನೇ ತುಂಬಿಕೊಡುವ ಪದ್ಧತಿ ತಂದಿತು. ರೈತನ ಸಬ್ಸಿಡಿ ಕಾರ್ಖಾನೆಯ ಬಾಗಿಲಲ್ಲಿ ಸಂದಾಯವಾಯಿತು. ರೈತನಿಗೆ ಕಂಡದ್ದು ಅಗ್ಗದ ಚೀಲ.

1992ರಲ್ಲಿ ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳ ಬೆಲೆಯ ನಿಯಂತ್ರಣ ತೆಗೆದಾಗ ಅವುಗಳ ಬೆಲೆ ಜಿಗಿಯಿತು. ಯೂರಿಯಾ ಮಾತ್ರ ಅಗ್ಗವಾಗಿಯೇ ಉಳಿಯಿತು. ಪೊಟ್ಯಾಷ್ ಹೆಚ್ಚು ಬೇಡುವ ಆಲೂಗಡ್ಡೆ ಬೆಳೆಗಾರನಿಗೆ ಇದು ದೊಡ್ಡ ಪೆಟ್ಟು. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರು ಪ್ರಧಾನಿಯಾದ ಮರುತಿಂಗಳೇ, 1996ರ ಜುಲೈನಲ್ಲಿ, ಈ ಗೊಬ್ಬರಗಳ ರಿಯಾಯಿತಿಯನ್ನು ಕೇಂದ್ರ ಸರ್ಕಾರ ಏರಿಸಿತು: ದೇಶದಲ್ಲಿ ತಯಾರಾದ ಡಿಎಪಿಗೆ ಟನ್ನಿಗೆ 1,000 ರೂಪಾಯಿಯಿಂದ 3,000ಕ್ಕೆ, ಪೊಟ್ಯಾಷಿಗೆ 1,500ಕ್ಕೆ. ಆಲೂಗಡ್ಡೆ ಸೀಮೆಯಿಂದ ಬಂದ ಪ್ರಧಾನಿಯ ಕಾಲದಲ್ಲಿ ಇದಾದದ್ದನ್ನು ಜಿಲ್ಲೆಯ ರೈತರು ಗಮನಿಸದಿರಲು ಸಾಧ್ಯವಿರಲಿಲ್ಲ. ಆದರೂ ಯೂರಿಯಾದ ಅತಿ ಬಳಕೆ ನಿಲ್ಲಲಿಲ್ಲ. 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ಬಂದಾಗಲೂ ಯೂರಿಯಾ ಅದರ ಹೊರಗೇ ಉಳಿಯಿತು. ನೆಲದ ಆರೋಗ್ಯ ಕೆಟ್ಟದ್ದರಲ್ಲಿ ಈ ಏರುಪೇರಿನ ಪಾಲು ದೊಡ್ಡದು.

ಕರೆಂಟಿನ ಕಥೆ ಬೇರೆ. 1990ರ ದಶಕದ ಆರಂಭದಲ್ಲಿ ಎಸ್. ಬಂಗಾರಪ್ಪನವರ ಸರ್ಕಾರ 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ ಕೊಟ್ಟಿತು, 2008ರಲ್ಲಿ ಬಿ.ಎಸ್. ಯಡಿಯೂರಪ್ಪನವರ ಸರ್ಕಾರ ಅದನ್ನೇ ಮತ್ತೆ ಜಾರಿಗೆ ತಂದಿತು. ಕೊಳವೆ ಬಾವಿ ಇದ್ದವನಿಗೆ ಇದು ವರ. ಬಾವಿ ಕೊರೆಸುವ ತಾಕತ್ತಿಲ್ಲದ ಮಳೆಯಾಶ್ರಿತ ರಾಗಿ ಬೆಳೆಗಾರನಿಗೆ ಇದರಿಂದ ದಮ್ಮಡಿಯೂ ಇಲ್ಲ.

ಗೊಬ್ಬರದ ಚೀಲಕ್ಕೆ ಒಂದು ಗುಣವಿದೆ. ಅದನ್ನು ಕೊಳ್ಳುವವನು ಹೊಲದ ಮಾಲೀಕನೋ, ವಾರಕ್ಕೆ ಉಳುವವನೋ ಎಂದು ಆ ಬೆಲೆ ಕೇಳುವುದಿಲ್ಲ. ಕೊಂಡವನಿಗೆಲ್ಲ ಅದೇ ರಿಯಾಯಿತಿ. ದೊಡ್ಡ ಹಿಡುವಳಿದಾರ ಹೆಚ್ಚು ಚೀಲ ಕೊಂಡು ಹೆಚ್ಚು ಲಾಭ ಪಡೆಯುತ್ತಾನೆ ಎಂಬುದು ನಿಜ. ಆದರೆ ಗೇಣಿದಾರನನ್ನು ಬಾಗಿಲಲ್ಲೇ ನಿಲ್ಲಿಸದ ಕೆಲವೇ ನೆರವುಗಳಲ್ಲಿ ಇದೂ ಒಂದು.

ಮನ್ನಾದ ಲೆಕ್ಕ

ಸಾಮಗ್ರಿ ಅಗ್ಗವಾದರೂ ಬೆಳೆದದ್ದಕ್ಕೆ ಬೆಲೆ ಬಾರದಿದ್ದರೆ ಸಾಲ ತೀರುವುದು ಹೇಗೆ? 1980ರ ಜುಲೈನಲ್ಲಿ ನರಗುಂದ–ನವಲಗುಂದದಲ್ಲಿ ಮಲಪ್ರಭಾ ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರ ಮೇಲೆ ಗುಂಡು ಹಾರಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿ, ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್ ಮೊದಲಾದವರು ಕಟ್ಟಿದ ಆ ಸಂಘ ಮಾತಿನ ದಿಕ್ಕನ್ನೇ ತಿರುಗಿಸಿತು. ಬೆಳೆಗೆ ನ್ಯಾಯವಾದ ಬೆಲೆ ಕೊಡದ ಸರ್ಕಾರವೇ ರೈತನಿಗೆ ಬಾಕಿದಾರ; ರೈತ ಪಡೆಯುವುದು ದಾನವಲ್ಲ ಎಂಬುದು ಅದರ ನಿಲುವು.

1990ರಲ್ಲಿ ವಿ.ಪಿ. ಸಿಂಗ್ ಸರ್ಕಾರ 10,000 ರೂಪಾಯಿವರೆಗಿನ ಸಾಲ ಮನ್ನಾ ಮಾಡಿತು. 2008ರಲ್ಲಿ ಕೇಂದ್ರದ ದೊಡ್ಡ ಮನ್ನಾ, 2017ರಲ್ಲಿ ಸಿದ್ದರಾಮಯ್ಯನವರ ಸರ್ಕಾರದಿಂದ ಸಹಕಾರ ಸಂಘಗಳ ಸಾಲದಲ್ಲಿ 50,000 ರೂಪಾಯಿವರೆಗೆ. 2018ರಲ್ಲಿ, ಹರದನಹಳ್ಳಿಯಲ್ಲೇ ಹುಟ್ಟಿದ ಎಚ್.ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾಗಿ ಸಹಕಾರ ಸಂಘಗಳಲ್ಲಿ 1 ಲಕ್ಷ, ವಾಣಿಜ್ಯ ಬ್ಯಾಂಕುಗಳಲ್ಲಿ 2 ಲಕ್ಷ ರೂಪಾಯಿವರೆಗಿನ ಬೆಳೆ ಸಾಲ ಮನ್ನಾ ಮಾಡಿದರು. ಎಲ್ಲ ಮನ್ನಾಗಳಿಗೂ ಒಂದು ಷರತ್ತು ಸಮಾನ: ಬ್ಯಾಂಕಿನಲ್ಲೋ ಸಂಘದಲ್ಲೋ ಸಾಲ ಇರಬೇಕು. ಬೆಳೆ ಸಾಲ ಸಿಗುವುದು ಪಹಣಿ ಇದ್ದವನಿಗೆ. ಪಹಣಿಯಿಲ್ಲದವನು ಸಾಲ ತಂದದ್ದು ಅಂಗಡಿಯಲ್ಲಿ, ಮಂಡಿಯಲ್ಲಿ, ಕೈಸಾಲವಾಗಿ. ಆ ಸಾಲವನ್ನು ಯಾವ ವಿಧಾನಸೌಧವೂ ಮನ್ನಾ ಮಾಡಲಿಲ್ಲ.

ನಗದು ಮತ್ತು ಒಂಬತ್ತನೇ ಕಾಲಂ

2019ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪಿಎಂ ಕಿಸಾನ್ ಸಮ್ಮಾನ್ ನಿಧಿಯನ್ನು ಶುರು ಮಾಡಿತು. ವರ್ಷಕ್ಕೆ 6,000 ರೂಪಾಯಿ, 3 ಕಂತು, ಮಧ್ಯವರ್ತಿ ಇಲ್ಲ. ಅದೇ ವರ್ಷ ರಾಜ್ಯ ಸರ್ಕಾರ ಇನ್ನೂ 4,000 ಸೇರಿಸಿತು. 2023ರಲ್ಲಿ ಅದು ನಿಂತಿತು. ಇಲ್ಲಿ ಮೆಚ್ಚಬೇಕಾದ್ದು ಇದೆ. ಹಣ ದಾರಿಯಲ್ಲಿ ಸೋರುವುದು ಕಡಿಮೆಯಾಯಿತು. ಯಾವ ಊರಿನಲ್ಲಿ ಯಾರಿಗೆ ಬಂತೆಂಬ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ರೈತ ಆ ಹಣವನ್ನು ಬೀಜಕ್ಕೆ ಹಾಕಲಿ, ಮಗಳ ಶಾಲೆಯ ಶುಲ್ಕಕ್ಕೆ ಹಾಕಲಿ, ಕೇಳುವವರಿಲ್ಲ.

ಆದರೆ ಇದರ ಬಾಗಿಲು ಎಲ್ಲಕ್ಕಿಂತ ಕಿರಿದು. 2019ರ ಫೆಬ್ರುವರಿ 1ಕ್ಕೆ ಭೂ ದಾಖಲೆಯಲ್ಲಿ ಯಾರ ಹೆಸರಿತ್ತೋ ಅವರ ಕುಟುಂಬಕ್ಕೆ ಮಾತ್ರ ಹಣ; ಆಮೇಲೆ ಸೇರಲು ಸಾಧ್ಯವಿರುವುದು ವಾರಸುದಾರಿಕೆಯಿಂದ ಮಾತ್ರ. ನಮ್ಮ ಪಹಣಿಯಲ್ಲಿ ಒಂಬತ್ತನೇ ಕಾಲಂ ಮಾಲೀಕನದು, ಹನ್ನೆರಡನೇ ಕಾಲಂ ಸಾಗುವಳಿದಾರನದು. ಹಣ ಹೋಗುವುದು ಒಂಬತ್ತನೇ ಕಾಲಂಗೆ. ಉಳುವುದು, ಬಿತ್ತುವುದು, ಕಳೆ ಕೀಳುವುದು ಹನ್ನೆರಡನೇ ಕಾಲಂನ ಕೆಲಸ. ಈ ಎರಡೂ ಒಬ್ಬರೇ ಆಗಿದ್ದರೆ ತೊಂದರೆಯಿಲ್ಲ.

ಬೇರೆ ಬೇರೆಯಾದರೆ? ದೇವರಾಜ ಅರಸರ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ಅದೊಂದು ದೊಡ್ಡ ಸಾಧನೆ. ಆದರೆ ಆ ಕಾನೂನು ಸೈನಿಕರು, ನಾವಿಕರಂಥ ಕೆಲವರನ್ನು ಬಿಟ್ಟು ಮುಂದೆ ಯಾರೂ ಸಾಗುವಳಿ ಭೂಮಿಯನ್ನು ಗೇಣಿಗೆ ಕೊಡಬಾರದೆಂದಿತು. ಗೇಣಿ ನಿಲ್ಲಲಿಲ್ಲ, ಕಾಗದದಿಂದ ಮಾತ್ರ ಮಾಯವಾಯಿತು. ಊರು ಬಿಟ್ಟು ಬೆಂಗಳೂರು ಸೇರಿದವರ ಹೊಲವನ್ನು ವಾರಕ್ಕೆ ಮಾಡುವವರು, ಶುಂಠಿಗೆಂದು ಎಕರೆಗೆ ಇಷ್ಟೆಂದು ಗುತ್ತಿಗೆ ಹಿಡಿಯುವವರು ಹಾಸನ ಜಿಲ್ಲೆಯಲ್ಲಿ ಇದ್ದಾರೆ. ಎಲ್ಲವೂ ಬಾಯಿಮಾತಿನ ಕರಾರು. ಬೆಳೆ ವಿಮೆಯ ನಿಯಮ ಗೇಣಿದಾರನೂ ಸೇರಬಹುದು ಎನ್ನುತ್ತದೆ. ಆದರೆ ಕರಾರು ಪತ್ರ ತೋರಿಸು ಎನ್ನುತ್ತದೆ. ಕಾನೂನೇ ನಿಷೇಧಿಸಿದ ಕರಾರಿಗೆ ಪತ್ರ ಎಲ್ಲಿಂದ ಬರಬೇಕು? ಬರ ಪರಿಹಾರಕ್ಕೂ, ಬೆಂಬಲ ಬೆಲೆಗೆ ರಾಗಿ ಮಾರಲೂ ‘ಫ್ರೂಟ್ಸ್’ ನೋಂದಣಿ ಬೇಕು. ಆ ನೋಂದಣಿಗೆ ಪಹಣಿ ಬೇಕು. ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 2021–22ರಲ್ಲಿ 3,377 ರೂಪಾಯಿ ಇದ್ದದ್ದು 2025–26ಕ್ಕೆ 4,886 ರೂಪಾಯಿಗೆ ಏರಿದೆ. ಆ ಏರಿಕೆಯೂ ಬೆಳೆದವನಿಗೆ ನೇರವಾಗಿ ತಲುಪಬೇಕಾದರೆ ಪಹಣಿ ಅವನ ಹೆಸರಿನಲ್ಲಿರಬೇಕು.

ಇನ್ನೊಂದು ಸಂಕಟ ಮನೆಯೊಳಗಿನದು. ರಾಜ್ಯದಲ್ಲಿ ಲಕ್ಷಗಟ್ಟಲೆ ಪಹಣಿಗಳು ಇನ್ನೂ ತೀರಿಹೋದವರ ಹೆಸರಿನಲ್ಲೇ ಇವೆ. 2000ದ ಸುಮಾರಿಗೆ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ ಸತ್ತವರ ಹೆಸರುಗಳೂ ಜೊತೆಗೇ ಏರಿದವು. ಅಜ್ಜನ ಹೆಸರಿನ ಖಾತೆ, ನಾಲ್ವರು ಮಕ್ಕಳು, ಬಾಯಿಮಾತಿನ ಪಾಲು. ಗಂಡ ಸತ್ತ ಹೆಂಗಸು ಇಪ್ಪತ್ತು ವರ್ಷ ಅದೇ ಹೊಲದಲ್ಲಿ ದುಡಿದಿರಬಹುದು; ಪೌತಿ ಖಾತೆ ಆಗದಿದ್ದರೆ ಆಕೆ ಸರ್ಕಾರದ ಲೆಕ್ಕದಲ್ಲಿ ರೈತಳಲ್ಲ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟ ರಾಜ್ಯ. ಆದರೆ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿ ಬರುವ ಹೆಣ್ಣುಮಕ್ಕಳನ್ನು ಪ್ರತಿ ತಾಲ್ಲೂಕು ಕಚೇರಿಯಲ್ಲೂ ನೋಡಬಹುದು.

ಅಮೆರಿಕ ಕಲಿಸಿದ ಪಾಠ

ಈ ತೊಡಕು ನಮ್ಮೊಬ್ಬರದೇ ಅಲ್ಲ. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, 1933ರ ಮೇ ತಿಂಗಳಲ್ಲಿ, ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಒಂದು ಕೃಷಿ ಕಾಯಿದೆಗೆ ಸಹಿ ಹಾಕಿದರು. ಬೆಲೆ ಏರಿಸಲೆಂದು ಬೆಳೆ ಕಡಿಮೆ ಮಾಡಿದ ರೈತನಿಗೆ ಸರ್ಕಾರವೇ ಹಣ ಕೊಟ್ಟಿತು. ಆ ವರ್ಷ ಸುಮಾರು 1 ಕೋಟಿ ಎಕರೆ ಹತ್ತಿಯನ್ನು ಉತ್ತು ಹಾಕಿಸಿದರು. ದಕ್ಷಿಣದ ಸೀಮೆಗಳಲ್ಲಿ ಆ ಹತ್ತಿ ಬೆಳೆಯುತ್ತಿದ್ದವರಲ್ಲಿ ದೊಡ್ಡ ಪಾಲು ಪಾಲುಗಾರ ಒಕ್ಕಲುಗಳು, ಕರಿಯರೂ ಬಡ ಬಿಳಿಯರೂ. ಹಣ ಹೋದದ್ದು ಜಮೀನ್ದಾರನಿಗೆ. ಎಷ್ಟೋ ಜಮೀನ್ದಾರರು ಒಕ್ಕಲಿನ ಪಾಲು ಕೊಡಲಿಲ್ಲ. ಬೆಳೆಯೇ ಇಲ್ಲದ ಮೇಲೆ ನೀನೇಕೆ ಎಂದು ಒಕ್ಕಲೆಬ್ಬಿಸಿದರು. 1934ರಲ್ಲಿ ಆರ್ಕನ್ಸಾ ರಾಜ್ಯದ ಟೈರಾನ್ಜಾದಲ್ಲಿ ಕರಿಯರೂ ಬಿಳಿಯರೂ ಸೇರಿ ಗೇಣಿದಾರರ ಸಂಘ ಕಟ್ಟಿದ್ದು ಈ ಅನ್ಯಾಯದ ವಿರುದ್ಧವೇ. ಬಡವನಿಗೆಂದು ಬಂದ ಹಣವೇ ಬಡವನನ್ನು ಹೊಲದಿಂದ ಹೊರದೂಡಿದ ಉದಾಹರಣೆ ಇದು.

ಹತ್ತಿರದಲ್ಲೇ ನೋಡಿದರೆ ತೆಲಂಗಾಣದ 2018ರ ರೈತುಬಂಧು ಭೂಮಾಲೀಕರಿಗೆ ಮಾತ್ರ ಹಣ ಕೊಟ್ಟಿತು. ಒಡಿಶಾದ ಕಾಲಿಯಾ ಯೋಜನೆ ಪಾಲುಗಾರರನ್ನೂ ಭೂಹೀನರನ್ನೂ ಸೇರಿಸಿಕೊಂಡಿತು. ಆಂಧ್ರಪ್ರದೇಶ 2011ರಲ್ಲೇ ಗೇಣಿದಾರರಿಗೆ ಗುರುತಿನ ಚೀಟಿ ಕೊಡುವ ಕಾಯಿದೆ ಮಾಡಿ, 2019ರಲ್ಲಿ ಅದನ್ನು ತಿದ್ದಿ ಬರೆಯಿತು. ಆ ಚೀಟಿಯಿಂದ ಮಾಲೀಕನ ಹಕ್ಕಿಗೆ ಧಕ್ಕೆಯಿಲ್ಲ. ಅಲ್ಲಿಯೂ ಚೀಟಿ ಎಲ್ಲರಿಗೆ ಸಿಕ್ಕಿಲ್ಲ, ಮಾಲೀಕರ ಹೆದರಿಕೆ ಹೋಗಿಲ್ಲ. ಆದರೂ ಪ್ರಶ್ನೆಯನ್ನು ಅವರು ಎದುರಿಸಿದ್ದಾರೆ.

ಮಾಲೀಕರ ಹೆದರಿಕೆಯನ್ನೂ ಹಗುರವಾಗಿ ಕಾಣುವಂತಿಲ್ಲ. 1974ರ ನೆನಪು ಹಳೇ ಮೈಸೂರಿನಲ್ಲಿ ಇನ್ನೂ ಮಾಸಿಲ್ಲ. ಎರಡು ಎಕರೆ ಹೊಲ ಬಿಟ್ಟು ಪಟ್ಟಣಕ್ಕೆ ಹೋದ ಚಿಕ್ಕ ಹಿಡುವಳಿದಾರ ಕೂಡ ತನ್ನ ಪಹಣಿಯಲ್ಲಿ ಇನ್ನೊಬ್ಬನ ಹೆಸರು ಬರೆಸಲು ಅಂಜುತ್ತಾನೆ. ಅವನ ಹಕ್ಕಿಗೆ ಭದ್ರತೆ ಕೊಡದೆ ಉಳುವವನ ಹೆಸರು ಬರೆಯಲು ಆಗುವುದಿಲ್ಲ.

ಆದರೆ ದಾರಿ ಇಲ್ಲವೆಂದಲ್ಲ. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಇದೆ ಎಂದು ಹೊಲದಲ್ಲೇ ನಿಂತು ಚಿತ್ರ ತೆಗೆದು ದಾಖಲಿಸುವ ಬೆಳೆ ಸಮೀಕ್ಷೆಯ ಆ್ಯಪನ್ನು 2020ರಲ್ಲಿ ಕರ್ನಾಟಕ ರೈತರ ಕೈಗೇ ಕೊಟ್ಟಿತು. ಬೆಳೆಯನ್ನು ಬರೆದುಕೊಳ್ಳುವ ವ್ಯವಸ್ಥೆ ಬೆಳೆದವನನ್ನೂ ಬರೆದುಕೊಳ್ಳಬಹುದು, ಒಡೆತನದ ಹಕ್ಕಿಗೆ ತಾಗದಂತೆ, ಆ ಹಂಗಾಮಿನ ಮಟ್ಟಿಗೆ. ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವಿದೆ, ಊರನ್ನು ಬಲ್ಲ ಗ್ರಾಮ ಆಡಳಿತಾಧಿಕಾರಿ ಇದ್ದಾರೆ. ಯಾವ ಹೊಲವನ್ನು ಯಾರು ಉಳುತ್ತಾರೆಂಬುದು ಹಳೇಕೋಟೆಯಂಥ ಹೋಬಳಿಯ ಯಾವ ಹಳ್ಳಿಯಲ್ಲೂ ಗುಟ್ಟಿನ ವಿಷಯವಲ್ಲ. ಗೊತ್ತಿಲ್ಲದಿರುವುದು ಪಹಣಿಗೆ ಮಾತ್ರ.